ಹತ್ತದೆ ಹಿಂತಿರುಗಿದವರ ಲೆಕ್ಕ

ಒಂದು ದಿನದಲ್ಲಿ ಎಷ್ಟು ಜನ ಓಡಾಡಿದರು ಎಂಬ ಲೆಕ್ಕ ಸಾರಿಗೆ ಸಂಸ್ಥೆಗಳ ಬಳಿ ಪಕ್ಕಾ ಇರುತ್ತದೆ. ಟಿಕೆಟ್ ಯಂತ್ರ, ಮೆಟ್ರೊ ಗೇಟು, ಕಾರ್ಡು ಎಲ್ಲ ಸೇರಿ ರಾತ್ರಿಯ ಹೊತ್ತಿಗೆ ಒಂದು ಸಂಖ್ಯೆ ಒಪ್ಪಿಸುತ್ತವೆ. ಆ ಸಂಖ್ಯೆಗೆ ಸೇರದವರೂ ಇದ್ದಾರೆ. ನಿಲ್ದಾಣದವರೆಗೆ ಬಂದು ಮೊದಲ ಮೆಟ್ಟಿಲಿಗೆ ಕಾಲೆತ್ತಲಾಗದೆ ನಿಂತವರು. ಬಸ್ಸು ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತಾಗ ಓಡಲಾರದೆ ಉಳಿದವರು. ಲಿಫ್ಟ್ ಕೆಟ್ಟಿದೆ ಎಂಬ ಚೀಟಿ ನೋಡಿ ವೀಲ್‌ಚೇರ್ ತಿರುಗಿಸಿದವರು. ಹೀಗೆ ಒಂದೆರಡು ಸಲ ಆದ ಮೇಲೆ ಮನೆಯಿಂದ ಹೊರಡುವುದನ್ನೇ ಬಿಟ್ಟವರು. ಇವರು ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ.

ದಾಖಲಾಗದಿರುವುದರಿಂದ ಒಂದು ವಿಚಿತ್ರ ತರ್ಕ ಹುಟ್ಟಿಕೊಳ್ಳುತ್ತದೆ. 'ರ‍್ಯಾಂಪ್ ಹಾಕಿಸಿದೆವು, ಬಳಸುವವರೇ ಬರಲಿಲ್ಲ' ಎಂದು ಅಧಿಕಾರಿಗಳು ಹೇಳುತ್ತಾರೆ. ಹೇಳುವುದು ಸುಳ್ಳಲ್ಲ, ನಿಜಕ್ಕೂ ಬಂದಿರುವುದಿಲ್ಲ. ಹೊಳೆಗೆ ಅರ್ಧ ಸೇತುವೆ ಕಟ್ಟಿ, ಯಾರೂ ದಾಟಲಿಲ್ಲ, ಆಚೆ ದಡಕ್ಕೆ ಹೋಗುವ ಆಸೆ ಈ ಊರಿನವರಿಗೆ ಇಲ್ಲ ಎಂದು ತೀರ್ಮಾನಿಸಿದ ಹಾಗೆ. ವೃದ್ಧರು, ಅಂಗವಿಕಲರು ಮತ್ತು ಸಾರ್ವಜನಿಕ ಸಾರಿಗೆಯ ಕುರಿತ ಚರ್ಚೆ ಎಡವುವುದು ಇಲ್ಲೇ ಎಂಬುದು ನನ್ನ ಅನಿಸಿಕೆ. ಸಂಸ್ಥೆಗಳು ಸಲಕರಣೆಗಳನ್ನು ಎಣಿಸುತ್ತವೆ. ಪ್ರಯಾಣಿಕರಿಗೆ ಬೇಕಾಗಿರುವುದು ಮನೆ ಬಾಗಿಲಿನಿಂದ ಹೊರಟು ತಲುಪಬೇಕಾದಲ್ಲಿ ತಲುಪಿ, ಕತ್ತಲಾಗುವ ಮೊದಲು ಹಿಂತಿರುಗುವ ಭರವಸೆ.

ಇದು ಸಣ್ಣ ಗುಂಪಿನ ಮಾತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು 130 ಕೋಟಿ ಜನರಿಗೆ, ಅಂದರೆ ನೂರಕ್ಕೆ 16 ಮಂದಿಗೆ, ಗಣನೀಯ ಅಂಗವೈಕಲ್ಯವಿದೆ. 60 ದಾಟಿದವರ ಸಂಖ್ಯೆ 2050ರ ವೇಳೆಗೆ 210 ಕೋಟಿ ಆಗಲಿದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಈ ಎರಡು ಗುಂಪುಗಳು ಒಂದರೊಳಗೊಂದು ಬೆರೆತಿವೆ. ಆದರೆ ಎಂಬತ್ತರ ಅಜ್ಜಿ ತನ್ನನ್ನು ಅಂಗವಿಕಲೆ ಎಂದುಕೊಳ್ಳುವುದಿಲ್ಲ. 'ಮಂಡಿ ಸ್ವಲ್ಪ ನೋಯುತ್ತೆ, ಸಂಜೆ ಹೊತ್ತು ಬೋರ್ಡು ಕಾಣೋದಿಲ್ಲ, ಗದ್ದಲದಲ್ಲಿ ಕೇಳಿಸೋದಿಲ್ಲ' ಎನ್ನುತ್ತಾಳೆ. ಕಾಲು, ಕಣ್ಣು, ಕಿವಿ ಮೂರರ ಹೆಸರೂ ಬಂತು. ಆದರೂ ಅಂಗವಿಕಲರ ಪಾಸಿನ ಅರ್ಜಿಯ ಯಾವ ಕಾಲಂನಲ್ಲೂ ಆಕೆ ಸೇರುವುದಿಲ್ಲ.

ಮೆಟ್ಟಿಲಿನಿಂದಲೇ ಶುರು ಮಾಡೋಣ. ಮನೆಯ ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ 150ರಿಂದ 180 ಮಿಲಿಮೀಟರ್. ಲಾರಿಯ ಚಾಸಿಯ ಮೇಲೆ ಕಟ್ಟಿದ ಬಸ್ಸಿನ ನೆಲ ರಸ್ತೆಯಿಂದ 900 ಮಿ.ಮೀ.ಗಿಂತಲೂ ಮೇಲಿರಬಹುದು. ಅದನ್ನು ಮೂರು ಮೆಟ್ಟಿಲಾಗಿ ಹಂಚಿದರೂ ಒಂದೊಂದು 300 ಮಿ.ಮೀ. ಆಯಿತು. ಎಲ್ಲಕ್ಕಿಂತ ಕೆಳಗಿನದು ಇನ್ನೂ ಎತ್ತರ, ಏಕೆಂದರೆ ಹಳ್ಳಕೊಳ್ಳದ ರಸ್ತೆಗೆ ಫುಟ್‌ಬೋರ್ಡ್ ತಾಗಬಾರದು. ಲಾರಿಯ ಚಾಸಿ ಯಾಕೆ ಎಂದರೆ ಅಗ್ಗ, ಗಟ್ಟಿ, ಎಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ನೆಲವನ್ನು ತಗ್ಗಿಸಬೇಕಾದರೆ ಎಂಜಿನ್ನನ್ನು ಹಿಂದಕ್ಕೆ ಸರಿಸಿ, ಆಕ್ಸಲನ್ನು ಚಕ್ರದ ಮಧ್ಯಕ್ಕಿಂತ ಕೆಳಗಿಳಿಸುವ ಬೇರೆಯದೇ ವಿನ್ಯಾಸ ಬೇಕು. ಅದಕ್ಕೆ ಬೆಲೆ ಹೆಚ್ಚು, ನಿರ್ವಹಣೆಯೂ ಹೆಚ್ಚು. ಹೀಗಾಗಿ ಅಜ್ಜಿಯ ಮಂಡಿಗೂ ಬಸ್ಸಿಗೂ ಇರುವ ಜಗಳವನ್ನು ಖರೀದಿ ವಿಭಾಗದ ಟೆಂಡರ್ ಕಾಗದವೇ ಮೊದಲು ತೀರ್ಮಾನಿಸಿಬಿಟ್ಟಿರುತ್ತದೆ.

ಮಂಡಿನೋವು ಇರುವವರನ್ನು ಕೇಳಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬಹುದು. ಇಳಿಯುವಾಗ ಇಡೀ ಭಾರ ಬಾಗಿದ ಒಂದೇ ಮಂಡಿಯ ಮೇಲೆ ಬೀಳುತ್ತದೆ, ಕೆಳಗಿನ ನೆಲ ಎಷ್ಟು ದೂರ ಎಂಬುದೂ ಕಾಣಿಸುವುದಿಲ್ಲ. ಕೆಲವರು ಹಿಮ್ಮುಖವಾಗಿ, ಏಣಿ ಇಳಿದ ಹಾಗೆ ಇಳಿಯುವುದನ್ನು ನೋಡಿರಬಹುದು. ಹಿಂದಿನವರು 'ಬೇಗ, ಬೇಗ' ಎನ್ನುತ್ತಾರೆ. ಅದು ಹೆದರಿಕೆಯಿಂದ ಮಾಡುವ ವಿಚಿತ್ರ ವರ್ತನೆ ಅಲ್ಲ, ಮಂಡಿ ಕಲಿಸಿಕೊಟ್ಟ ಜಾಣತನ.

ಲೋ ಫ್ಲೋರ್ ಬಸ್ಸು ಬಂದರೆ ಸಮಸ್ಯೆ ತೀರಿತೇ? ಇಲ್ಲೊಂದು ಸರಳ ಗಣಿತ ಮಾಡಿ ನೋಡಬೇಕು. ಬಾಗಿಲ ಬಳಿ ನೆಲದ ಎತ್ತರ 320 ಮಿ.ಮೀ. ಎಂದಿಟ್ಟುಕೊಳ್ಳಿ. ಬಸ್ಸು ತನ್ನ ಗಾಳಿಯ ಸಸ್ಪೆನ್ಶನ್ ಇಳಿಸಿ ನಿಲ್ದಾಣದ ಕಡೆ ವಾಲಿದರೆ ಇನ್ನು 70 ಮಿ.ಮೀ. ತಗ್ಗುತ್ತದೆ. ಉಳಿದದ್ದು 250. ನಿಲ್ದಾಣದ ಕಟ್ಟೆ 150 ಎತ್ತರವಿದ್ದು ಬಸ್ಸು ಅದಕ್ಕೆ ಅಂಟಿಕೊಂಡು ನಿಂತರೆ ವ್ಯತ್ಯಾಸ ಬರೀ 100 ಮಿ.ಮೀ. ಒಂದು ಮೀಟರ್ ಉದ್ದದ ಹಲಗೆ ಹಾಕಿದರೆ ಹತ್ತಕ್ಕೆ ಒಂದರ ಇಳಿಜಾರು. ಕಟ್ಟಡಗಳಿಗೆ ಸಾಮಾನ್ಯವಾಗಿ ಒಪ್ಪುವ ಹನ್ನೆರಡಕ್ಕೆ ಒಂದಕ್ಕೆ ಇದು ಹತ್ತಿರ. ಬಸ್ಸಿನ ರ‍್ಯಾಂಪು ಆರಕ್ಕೆ ಒಂದರಷ್ಟು ಕಡಿದಾಗಿದ್ದರೂ ಅಮೆರಿಕದ ನಿಯಮ ಒಪ್ಪುತ್ತದೆ. ಈಗ ಅದೇ ಬಸ್ಸು ಕಟ್ಟೆಯಿಂದ ದೂರ, ರಸ್ತೆಯ ಮೇಲೇ ನಿಂತಿತು ಎನ್ನಿ. 250 ಮಿ.ಮೀ. ಎತ್ತರಕ್ಕೆ ಅದೇ ಒಂದು ಮೀಟರ್ ಹಲಗೆ. ನಾಲ್ಕಕ್ಕೆ ಒಂದು! ವೀಲ್‌ಚೇರಿನಲ್ಲಿ ಕೂತವರು ಸ್ವಂತ ಬಲದಿಂದ ಅದನ್ನು ಹತ್ತುವ ಮಾತು ಹಾಗಿರಲಿ, ಹಿಂದಿನಿಂದ ತಳ್ಳುವವರಿಗೂ ಕೈ ನಡುಗುತ್ತದೆ.

ಬಸ್ಸು ಅದೇ, ರ‍್ಯಾಂಪ್ ಅದೇ, ಚಾಲಕನೂ ಅವನೇ. ನಿಂತ ಜಾಗ ಎರಡು ಮೀಟರ್ ಆಚೆ ಹೋಗಿದ್ದಕ್ಕೆ ಕೋಟಿ ಬೆಲೆಯ ಸಲಕರಣೆ ದಂಡವಾಯಿತು. ಚಾಲಕ ಯಾಕೆ ದೂರ ನಿಲ್ಲಿಸುತ್ತಾನೆ ಎಂದು ಕೇಳಿದರೆ ಅವನ ಬಳಿಯೂ ಕಾರಣಗಳಿವೆ. ನಿಲ್ದಾಣದ ಜಾಗದಲ್ಲಿ ಯಾರದೋ ಕಾರು ನಿಂತಿದೆ. ಒಳಗೆ ನುಗ್ಗಿದರೆ ಮತ್ತೆ ಸಾಲಿಗೆ ಸೇರಲು ಹಿಂದಿನ ವಾಹನಗಳು ಬಿಡುವುದಿಲ್ಲ. ಬಸ್ ಬೇಯನ್ನು ರಸ್ತೆಯಂಚಿನಲ್ಲಿ ಒಳಕ್ಕೆ ತೋಡಿರುವುದರಿಂದ ಉದ್ದನೆಯ ಬಸ್ಸು ಅದರೊಳಗೆ ನೇರವಾಗುವುದೇ ಇಲ್ಲ. ಬಸ್ಸು ಖರೀದಿಸುವವರು ಒಂದು ಇಲಾಖೆ, ಕಟ್ಟೆ ಕಟ್ಟುವವರು ಇನ್ನೊಂದು, ಕಾರು ತೆರವುಗೊಳಿಸಬೇಕಾದವರು ಮತ್ತೊಂದು. ಈ ಮೂವರೂ ಒಟ್ಟಿಗೆ ನಿಂತು ಒಂದೇ ಒಂದು ವೀಲ್‌ಚೇರ್ ಬಸ್ಸು ಹತ್ತುವುದನ್ನು ನೋಡಿದ್ದು ಯಾವಾಗ ಎಂಬುದು ಕೇಳಬೇಕಾದ ಪ್ರಶ್ನೆ.

ಬ್ರೆಜಿಲಿನ ಕುರಿಟಿಬಾ ನಗರ ಈ ಗಣಿತವನ್ನು ತಲೆಕೆಳಗು ಮಾಡಿತು. ವಾಸ್ತುಶಿಲ್ಪಿ ಜೈಮೆ ಲರ್ನರ್ ಮೇಯರ್ ಆಗಿದ್ದಾಗ, 1991ರಲ್ಲಿ ಅಲ್ಲಿ ಗಾಜಿನ ಕೊಳವೆಯಂಥ ಬಸ್ ನಿಲ್ದಾಣಗಳು ಬಂದವು. ಬಸ್ಸಿನ ನೆಲವನ್ನು ಇಳಿಸುವ ಬದಲು ನಿಲ್ದಾಣದ ನೆಲವನ್ನೇ ಬಸ್ಸಿನ ಮಟ್ಟಕ್ಕೆ ಏರಿಸಿದರು. ಬಾಗಿಲು ತೆರೆದಾಗ ಬಸ್ಸಿನಿಂದ ಒಂದು ಹಲಗೆ ಇಳಿದು ಮಧ್ಯದ ಸಂದನ್ನು ಮುಚ್ಚುತ್ತದೆ. ಹಣ ಮೊದಲೇ ಕೊಟ್ಟು ಒಳಗೆ ಬಂದಿರುವುದರಿಂದ ಬಾಗಿಲಲ್ಲಿ ಚಿಲ್ಲರೆಯ ಗದ್ದಲವಿಲ್ಲ. ಎತ್ತರದ, ಅಗ್ಗದ ಬಸ್ಸೇ ಮುಂದುವರಿಯಿತು, ಮೆಟ್ಟಿಲು ಮಾತ್ರ ಮಾಯವಾಯಿತು. ಈ ಉಪಾಯಕ್ಕೂ ಮಿತಿಯಿದೆ: ಮೀಸಲು ಪಥವಿರುವ ಮುಖ್ಯ ಮಾರ್ಗಗಳಿಗೆ ಒಪ್ಪುತ್ತದೆ, ಮೂಲೆಮೂಲೆಯ ನಿಲ್ದಾಣಗಳಿಗೆ ಆಗುವುದಿಲ್ಲ.

ಎತ್ತರ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಬಗ್ಗೆ ಯೋಜನೆಗಳಾದರೂ ಆಗುತ್ತವೆ. ಕಾಣದ ಮೆಟ್ಟಿಲು ಇನ್ನೊಂದಿದೆ, ಅದು ಸಮಯ. ಬಸ್ಸಿನ ಒಳಗೆ ವೃದ್ಧರಿಗಾಗುವ ಗಾಯಗಳಲ್ಲಿ ಬಹುಪಾಲು ಅಪಘಾತದಿಂದ ಆದವಲ್ಲ. ಬಸ್ಸು ಹೊರಡುವಾಗಿನ ಎಳೆತ, ಬ್ರೇಕಿನ ಮುಗ್ಗರಿಕೆ, ತಿರುವಿನ ವಾಲಾಟ ಇವುಗಳಿಂದಾದ ಬೀಳುವಿಕೆಗಳು. ಹತ್ತಿದವರು ಕೂರುವ ಮೊದಲೇ ಬಸ್ಸು ಹೊರಟುಬಿಟ್ಟಿರುತ್ತದೆ. ಇಪ್ಪತ್ತರ ಹುಡುಗ ಕಂಬಿಗೆ ಬೆರಳು ತಾಗಿಸಿ ಸಮತೋಲನ ಮಾಡಿಕೊಳ್ಳುತ್ತಾನೆ. ಎಪ್ಪತ್ತೈದರವರ ಪಾದಕ್ಕೆ ಆ ಸುದ್ದಿ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಸೊಂಟ ಸೀಟಿನ ಅಂಚಿಗೆ ಬಡಿದಿರುತ್ತದೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಎಷ್ಟೋ ಮಂದಿಗೆ ಮತ್ತೆ ಹಳೆಯ ನಡಿಗೆ ಬರುವುದೇ ಇಲ್ಲ.

'ಕೂತ ಮೇಲೆ ಹೊರಡಿ' ಎಂಬ ಸೂಚನೆ ಚಾಲಕರಿಗೆ ಇಲ್ಲವೆಂದಲ್ಲ. ಆದರೆ ವೇಳಾಪಟ್ಟಿಯಲ್ಲಿ ಆ ಹತ್ತು ಸೆಕೆಂಡುಗಳಿಗೆ ಜಾಗವಿಲ್ಲ. ಒಂದು ಟ್ರಿಪ್ಪಿನಲ್ಲಿ ಮೂವತ್ತು ನಿಲ್ದಾಣ, ಒಂದೊಂದರಲ್ಲಿ ಹತ್ತು ಸೆಕೆಂಡು ಕಾದರೆ ಐದು ನಿಮಿಷ ತಡ. ತಡವಾದದ್ದಕ್ಕೆ ಚಾಲಕನಿಂದ ವಿವರಣೆ ಕೇಳುತ್ತಾರೆ. ಅಜ್ಜ ತೂರಾಡಿ ಸೀಟು ಹಿಡಿದದ್ದಕ್ಕೆ ಯಾರಿಂದಲೂ ವಿವರಣೆ ಕೇಳುವುದಿಲ್ಲ. ಇದನ್ನು ಚಾಲಕನ ಒರಟುತನ ಎಂದು ಬೈದು ಕೈ ತೊಳೆದುಕೊಳ್ಳುವುದು ಸುಲಭ. ವೇಳಾಪಟ್ಟಿ ಬರೆದವರ ಕುರ್ಚಿಯವರೆಗೆ ದೂರು ಹೋಗುವುದೇ ಇಲ್ಲ.

ಸಮಯದ ಈ ಜಗಳ ಬಸ್ಸು ಹತ್ತುವ ಮೊದಲೇ ಆರಂಭ. ಪಾದಚಾರಿ ಸಿಗ್ನಲ್‌ಗಳನ್ನು ಅನೇಕ ಕಡೆ ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹೊಂದಿಸುತ್ತಾರೆ. ಹಿರಿಯರಲ್ಲಿ ಅನೇಕರ ನಡಿಗೆ 0.8 ಅಥವಾ 0.9 ಮೀಟರ್. 14 ಮೀಟರ್ ಅಗಲದ ರಸ್ತೆಯನ್ನು ಯಂತ್ರ ಊಹಿಸಿದ ಮನುಷ್ಯ 12 ಸೆಕೆಂಡಿನಲ್ಲಿ ದಾಟುತ್ತಾನೆ. ನಿಜವಾದ ಅಜ್ಜಿಗೆ ಹದಿನೇಳೂವರೆ ಸೆಕೆಂಡು ಬೇಕು. ಉಳಿದ ಐದೂವರೆ ಸೆಕೆಂಡು ಆಕೆ ಹಾರ್ನುಗಳ ನಡುವೆ ಇರುತ್ತಾಳೆ. ಸಿಂಗಪುರ 2009ರಲ್ಲಿ ಇದಕ್ಕೆ ಚೊಕ್ಕ ಪರಿಹಾರ ಕಂಡುಕೊಂಡಿತು. ಹಿರಿಯರು, ಅಂಗವಿಕಲರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ರಸ್ತೆಯ ಅಗಲಕ್ಕೆ ತಕ್ಕಂತೆ 3ರಿಂದ 13 ಸೆಕೆಂಡು ಹೆಚ್ಚು ಉರಿಯುತ್ತದೆ. ಬಸ್ ನಿಲ್ದಾಣ ರಸ್ತೆಯ ಆಚೆ ಬದಿಯಲ್ಲಿರುವವರಿಗೆ ಇದೂ ಸಾರಿಗೆ ಸೌಲಭ್ಯವೇ.

ಇನ್ನು ಲಿಫ್ಟಿನ ವಿಷಯ. 'ನಮ್ಮ ಲಿಫ್ಟುಗಳು ನೂರಕ್ಕೆ 95ರಷ್ಟು ಸಮಯ ಕೆಲಸ ಮಾಡುತ್ತವೆ' ಎಂದು ಒಂದು ಸಂಸ್ಥೆ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಈಗ ಒಂದು ಮೆಟ್ರೊ ಪ್ರಯಾಣ ತೆಗೆದುಕೊಳ್ಳಿ. ರಸ್ತೆಯಿಂದ ಟಿಕೆಟ್ ಅಂಕಣಕ್ಕೆ ಒಂದು ಲಿಫ್ಟ್, ಅಲ್ಲಿಂದ ಪ್ಲಾಟ್‌ಫಾರ್ಮಿಗೆ ಒಂದು, ಇಳಿಯುವಲ್ಲಿ ಮತ್ತೆರಡು. ಒಟ್ಟು ನಾಲ್ಕು. ನಾಲ್ಕೂ ಒಟ್ಟಿಗೆ ಸರಿಯಿರುವ ಸಾಧ್ಯತೆ ನೂರಕ್ಕೆ 81. ಹೋಗಿ ಬರುವುದಕ್ಕೆ ಎಂಟು ಸಲ ಲಿಫ್ಟ್ ಬೇಕು, ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೂ ಸರಿಯಿರುತ್ತದೆ ಎಂಬ ಖಾತ್ರಿ ಇಲ್ಲದಿದ್ದರೆ ಆ ಸಾಧ್ಯತೆ 66ಕ್ಕೆ ಇಳಿಯುತ್ತದೆ. ಸಂಸ್ಥೆಯ ವರದಿಯ 95, ವೀಲ್‌ಚೇರ್ ಬಳಕೆದಾರರ ಬದುಕಿನಲ್ಲಿ ಮೂರು ಪ್ರಯಾಣಕ್ಕೊಂದು ವಿಫಲ. ಲಿಫ್ಟೇ ಇಲ್ಲದ ನಿಲ್ದಾಣಕ್ಕೆ ಯಾರೂ ಹೋಗುವುದಿಲ್ಲ. ಇದ್ದೂ ಕೆಟ್ಟಿರುವ ಲಿಫ್ಟ್ ನಂಬಿಸಿ ಕರೆತಂದು ಪ್ಲಾಟ್‌ಫಾರ್ಮಿನಲ್ಲಿ ಬಿಡುತ್ತದೆ.

ನಂಬಿಕೆ ಕೈಕೊಡುವುದು ಯಂತ್ರದಿಂದಲೇ ಆಗಬೇಕೆಂದಿಲ್ಲ. ಟ್ಯಾನಿ ಗ್ರೇ-ಥಾಂಪ್ಸನ್ ಪ್ಯಾರಾಲಿಂಪಿಕ್ಸ್‌ನಲ್ಲಿ 11 ಚಿನ್ನ ಗೆದ್ದವರು, ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೊರಟಿದ್ದ ಅವರು ಒಂದು ರಾತ್ರಿ ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣ ತಲುಪಿದಾಗ, ರ‍್ಯಾಂಪ್ ಹಾಕಿ ಇಳಿಸಲು ಯಾರೂ ಬರಲಿಲ್ಲ. ಕಾದು ಕಾದು ಕೊನೆಗೆ ವೀಲ್‌ಚೇರಿನಿಂದ ನೆಲಕ್ಕಿಳಿದು, ತೆವಳಿಕೊಂಡು ರೈಲಿನಿಂದ ಹೊರಬಂದರು. ಸಹಾಯ ಕಾದಿರಿಸಿದ್ದ ರೈಲು ತಪ್ಪಿ ಅವರು ಮುಂದಿನ ರೈಲು ಹಿಡಿದಿದ್ದರು. ಉಳಿದವರು ರೈಲು ತಪ್ಪಿದರೆ ಮುಂದಿನದಕ್ಕೆ ಹತ್ತುತ್ತಾರೆ, ಅಷ್ಟೇ. ಮುಂಗಡವಾಗಿ ತಿಳಿಸಿದರೆ ಮಾತ್ರ ಇಳಿಸುತ್ತೇವೆ ಎಂಬ ವ್ಯವಸ್ಥೆಯಲ್ಲಿ ರೈಲು ತಪ್ಪಿಸಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಇಷ್ಟು ಹೆಸರಿದ್ದವರು ತೆವಳಿದಾಗ ಸುದ್ದಿಯಾಯಿತು, ಕ್ಷಮೆಯೂ ಬಂತು.

ಕಣ್ಣು ಕಾಣದವರ ತೊಡಕೇ ಬೇರೆ. ಅವರ ಕಾಲಿಗೆ ಮೆಟ್ಟಿಲು ತೊಂದರೆಯಲ್ಲ, ಮಾಹಿತಿಯ ಬರ ತೊಂದರೆ. ನಿಲ್ದಾಣಕ್ಕೆ ಒಟ್ಟಿಗೆ ಮೂರು ಬಸ್ಸು ಬಂದವು ಎನ್ನಿ. ತಮ್ಮದು ಯಾವುದು, ಬಾಗಿಲು ಎಲ್ಲಿ, ಹತ್ತಿದ ಮೇಲೆ ತಮ್ಮ ನಿಲ್ದಾಣ ಬಂತೇ? ಪಕ್ಕದವರನ್ನು ಕೇಳಬೇಕು, ಅವರು ಇಯರ್‌ಫೋನ್ ಹಾಕಿಕೊಂಡಿರುತ್ತಾರೆ. ದೆಹಲಿ ಐಐಟಿಯಲ್ಲಿ ರೂಪಿಸಿದ ಒಂದು ಸಾಧನ ಇದಕ್ಕೆ ಸರಳ ದಾರಿ ತೋರಿಸಿತು: ಕೈಯಲ್ಲಿರುವ ಗುಂಡಿ ಒತ್ತಿದರೆ ಹತ್ತಿರದ ಬಸ್ಸುಗಳ ಸಂಖ್ಯೆ ಕೇಳಿಸುತ್ತದೆ, ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲಿನ ಸ್ಪೀಕರ್ ಕೂಗಿ ಕರೆಯುತ್ತದೆ. ಬ್ರಿಟನ್ 2023ರಲ್ಲಿ ಬಸ್ಸಿನೊಳಗೆ ಮಾರ್ಗ ಮತ್ತು ಮುಂದಿನ ನಿಲ್ದಾಣವನ್ನು ಧ್ವನಿಯಲ್ಲೂ ಅಕ್ಷರದಲ್ಲೂ ತಿಳಿಸುವುದನ್ನು ಹಂತಹಂತವಾಗಿ ಕಡ್ಡಾಯ ಮಾಡುವ ನಿಯಮ ತಂದಿತು. ಅಕ್ಷರ ಯಾಕೆಂದರೆ ಕಿವಿ ಕೇಳದವರೂ ಅದೇ ಬಸ್ಸಿನಲ್ಲಿರುತ್ತಾರೆ. ಎಲೆಕ್ಟ್ರಿಕ್ ಬಸ್ಸುಗಳು ಬಂದ ಮೇಲೆ ಇನ್ನೊಂದು ಸಿಕ್ಕು. ಬಸ್ಸು ಬಂದದ್ದು ಕಿವಿಗೆ ತಿಳಿಯುತ್ತಿದ್ದ ಆ ಡೀಸೆಲ್ ಗುಡುಗು ಹೋಯಿತು. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ವಾಹನಗಳು ನಿಧಾನ ವೇಗದಲ್ಲಿರುವಾಗ ಕೃತಕ ಸದ್ದು ಹೊರಡಿಸಲೇಬೇಕು.

ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಉಬ್ಬುಪಟ್ಟಿ ಎಲ್ಲರಿಗೂ ಗೊತ್ತು, ಅದರ ಭಾಷೆ ಕೆಲವರಿಗೇ ಗೊತ್ತು. ಉದ್ದ ಗೆರೆಗಳಿದ್ದರೆ ಮುಂದೆ ನಡೆ, ದುಂಡು ಚುಕ್ಕೆಗಳಿದ್ದರೆ ನಿಲ್ಲು ಅಥವಾ ಎಚ್ಚರ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿಯ ರಸ್ತೆಯಲ್ಲಿ ಮೊದಲು ಹಾಕಲಾಯಿತು. ಈಗ ಜಗತ್ತಿನಾದ್ಯಂತ ಇದೆ, ಆದರೆ ಅಂದಕ್ಕೆ ಹಾಕಿದ ಹೆಂಚಿನಂತೆ ಹಾಕಿರುವುದೂ ಕಡಿಮೆಯಿಲ್ಲ. ಪಟ್ಟಿ ನೇರವಾಗಿ ಹೋಗಿ ದೀಪದ ಕಂಬಕ್ಕೆ ಡಿಕ್ಕಿ ಹೊಡೆಸುತ್ತದೆ, ಇಲ್ಲವೇ ಅದರ ಮೇಲೆಯೇ ಬೈಕುಗಳು ನಿಂತಿರುತ್ತವೆ. ಅದೇ ಉಬ್ಬು ವಾಕರ್ ಹಿಡಿದವರಿಗೆ, ಸಣ್ಣ ಚಕ್ರದ ವೀಲ್‌ಚೇರಿಗೆ ಕಿರಿಕಿರಿ. ಒಬ್ಬರ ಅನುಕೂಲ ಇನ್ನೊಬ್ಬರ ಎಡವುಗಲ್ಲಾಗುವ ಇಂಥ ಕಡೆ ಬಳಸುವವರನ್ನೇ ಕೂರಿಸಿಕೊಂಡು ತೀರ್ಮಾನಿಸದೆ ಬೇರೆ ದಾರಿಯಿಲ್ಲ.

ಅನುಕೂಲಗಳ ನಡುವಿನ ಜಗಳ ಬಸ್ಸಿನೊಳಗೂ ಇದೆ. ರ‍್ಯಾಂಪ್ ಬರೀ ಅಂಗವಿಕಲರಿಗಲ್ಲ, ಮಗುವಿನ ತಳ್ಳುಗಾಡಿಗೂ ಸೂಟ್‌ಕೇಸಿಗೂ ಆಗುತ್ತದೆ, ಹಾಗಾಗಿ ಖರ್ಚು ದಂಡವಲ್ಲ ಎಂಬ ವಾದವನ್ನು ನಾವೆಲ್ಲ ಮಾಡುತ್ತೇವೆ. ನಿಜವೇ. ಆದರೆ ಎಲ್ಲರಿಗೂ ಅನುಕೂಲವಾದ ಜಾಗ ಎಲ್ಲರಿಂದ ತುಂಬಿಹೋಗುತ್ತದೆ ಎಂಬುದನ್ನು ಆ ವಾದ ಹೇಳುವುದಿಲ್ಲ. 2012ರಲ್ಲಿ ಇಂಗ್ಲೆಂಡಿನ ಡಗ್ ಪಾಲಿ ತಮ್ಮ ವೀಲ್‌ಚೇರಿನಲ್ಲಿ ಬಸ್ಸು ಹತ್ತಲು ಹೋದಾಗ, ವೀಲ್‌ಚೇರಿನ ಜಾಗದಲ್ಲಿ ಮಗುವಿದ್ದ ತಳ್ಳುಗಾಡಿ ಇತ್ತು. ಅದನ್ನು ಮಡಚಲು ಬರುವುದಿಲ್ಲ ಎಂದು ತಾಯಿ ಹೇಳಿದರು, ಚಾಲಕ ಅಲ್ಲಿಗೆ ಬಿಟ್ಟರು, ಪಾಲಿ ಕೆಳಗೇ ಉಳಿದರು. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಜನವರಿಯಲ್ಲಿ ತೀರ್ಪು ಬಂತು. ಒಮ್ಮೆ ವಿನಂತಿಸಿ ಸುಮ್ಮನಾಗುವುದು ಸಾಲದು, ಚಾಲಕ ಅದಕ್ಕಿಂತ ಹೆಚ್ಚಿನ ಪ್ರಯತ್ನ ಮಾಡಬೇಕು ಎಂದಿತು ನ್ಯಾಯಾಲಯ. ಒಪ್ಪದವರನ್ನು ಇಳಿಸಲೇಬೇಕು ಎನ್ನುವಷ್ಟು ದೂರ ಹೋಗಲಿಲ್ಲ. ಐದು ವರ್ಷದ ಹೋರಾಟಕ್ಕೆ ಸಿಕ್ಕ ಈ ಅರೆಗೆಲುವು, ಚಾಲಕನ ಮುಖದ ಮೇಲಿನ ಸಂಕೋಚವನ್ನು ಇನ್ನೂ ಹಾಗೇ ಇಟ್ಟಿದೆ.

ಮೀಸಲು ಸೀಟಿನದ್ದು ಇದರ ತಮ್ಮನ ಕತೆ. ಜಪಾನಿನಲ್ಲಿ 1973ರ ಸೆಪ್ಟೆಂಬರ್ 15ರ ಹಿರಿಯರ ಗೌರವ ದಿನದಂದು 'ಸಿಲ್ವರ್ ಸೀಟ್' ಬಂತು. ಬೆಳ್ಳಿ ಬಣ್ಣ ಬೆಳ್ಳಿ ಕೂದಲಿನ ನೆನಪಿಗೆ ಎಂದು ಯಾರಾದರೂ ಊಹಿಸಬಹುದು; ಬುಲೆಟ್ ರೈಲಿನ ಸೀಟಿಗೆ ತಂದು ಮಿಕ್ಕಿದ್ದ ಬಟ್ಟೆ ಆ ಬಣ್ಣದ್ದಾಗಿತ್ತು, ಅಷ್ಟೆ. ಈಗಿನ ಕಷ್ಟ ಏನೆಂದರೆ, ನೋಡಲು ಗಟ್ಟಿಮುಟ್ಟಾಗಿರುವ ಆದರೆ ಹೃದಯರೋಗ, ಮೂರ್ಛೆರೋಗ, ಕೃತಕ ಕೀಲು ಇರುವ ಮನುಷ್ಯ ಆ ಸೀಟು ಕೇಳಿದರೆ ಬೈಗುಳ ಸಿಗುತ್ತದೆ. ಟೋಕಿಯೊ 2012ರಲ್ಲಿ 'ಹೆಲ್ಪ್ ಮಾರ್ಕ್' ಎಂಬ ಕೆಂಪು ಗುರುತನ್ನು, ಲಂಡನ್ 2017ರಲ್ಲಿ ಸೀಟು ಕೋರುವ ಬ್ಯಾಡ್ಜನ್ನು ತಂದದ್ದು ಇದಕ್ಕೇ. ಕಾಯಿಲೆಯನ್ನು ಎದೆಯ ಮೇಲೆ ಧರಿಸಿ ಓಡಾಡಬೇಕೇ ಎಂದು ಕೇಳುವವರಿದ್ದಾರೆ. ದಿನಾ ಅಪರಿಚಿತರಿಗೆ ಬಾಯಿಬಿಟ್ಟು ವಿವರಿಸುವುದಕ್ಕಿಂತ ಬ್ಯಾಡ್ಜೇ ವಾಸಿ ಎನ್ನುವವರೂ ಇದ್ದಾರೆ. ಎರಡನೆಯವರ ಸುಸ್ತು ನನಗೆ ಹೆಚ್ಚು ಅರ್ಥವಾಗುತ್ತದೆ.

ಕಾನೂನು ಏನು ಮಾಡಿದೆ? ಎಲ್ಲೂ ತಾನಾಗಿ ಬಂದಿಲ್ಲ. 1978ರ ಜುಲೈ 5ರಂದು ಅಮೆರಿಕದ ಡೆನ್ವರ್ ನಗರದಲ್ಲಿ 19 ಮಂದಿ ಅಂಗವಿಕಲರು ನಡುರಸ್ತೆಯಲ್ಲಿ ಬಸ್ಸುಗಳನ್ನು ಸುತ್ತುವರಿದು ರಾತ್ರಿಯಿಡೀ ಅಲ್ಲೇ ಇದ್ದರು. ಬಸ್ಸು ಹತ್ತಲಾಗದವರು ಬಸ್ಸು ಹೊರಡದಂತೆ ಮಾಡಿದರು! ಅಂಗವಿಕಲರ ಹಕ್ಕಿನ ಕಾಯ್ದೆ ಅಲ್ಲಿ ಬಂದದ್ದು 1990ರಲ್ಲಿ, ಅದಾದ ಮೇಲೆ ಖರೀದಿಸುವ ಸಾರ್ವಜನಿಕ ಬಸ್ಸುಗಳಲ್ಲಿ ಲಿಫ್ಟ್ ಅಥವಾ ರ‍್ಯಾಂಪ್ ಇರಲೇಬೇಕು ಎಂದಾಯಿತು. ದಕ್ಷಿಣ ಕೊರಿಯಾದಲ್ಲಿ 2001ರ ಜನವರಿಯಲ್ಲಿ ಓಯಿಡೊ ನಿಲ್ದಾಣದ ವೀಲ್‌ಚೇರ್ ಲಿಫ್ಟ್ ಕುಸಿದು, ಅದರಲ್ಲಿದ್ದ ವೃದ್ಧ ದಂಪತಿಯಲ್ಲಿ ಒಬ್ಬರು ಸತ್ತರು. ಅಲ್ಲಿಂದ ಶುರುವಾದ ಚಳವಳಿ 2021ರ ಕೊನೆಯಿಂದ ಸೋಲ್ ನಗರದ ಮೆಟ್ರೊಗಳನ್ನು ಬೆಳಗಿನ ಗದ್ದಲದ ಹೊತ್ತಿನಲ್ಲೇ ತಡೆಯುವ ರೂಪ ಪಡೆಯಿತು. ಆಫೀಸಿಗೆ ತಡವಾದವರು ಸಿಟ್ಟಾದರು. ಅವರ ಅರ್ಧ ಗಂಟೆಯ ಸಿಟ್ಟು ನ್ಯಾಯವೇ, ಇಪ್ಪತ್ತು ವರ್ಷ ಕಾದವರ ಸಿಟ್ಟಿನ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕು.

ಗಡುವುಗಳ ಕತೆಯಂತೂ ಎಲ್ಲ ಕಡೆ ಒಂದೇ. ಆಸ್ಟ್ರೇಲಿಯಾ 2002ರಲ್ಲಿ ಸಾರಿಗೆ ಮಾನದಂಡ ಹೊರಡಿಸಿ ಬಸ್ಸು, ನಿಲ್ದಾಣಗಳಿಗೆ 20 ವರ್ಷ, ರೈಲು ಮತ್ತು ಟ್ರಾಮಿಗೆ 30 ವರ್ಷ ಕೊಟ್ಟಿತು. 2022 ಬಂದು ಹೋಯಿತು, ಕೆಲಸ ಮುಗಿದಿರಲಿಲ್ಲ. ನ್ಯೂಯಾರ್ಕಿನ ಸಬ್‌ವೇ ಆಡಳಿತ 2022ರ ಒಪ್ಪಂದವೊಂದರಲ್ಲಿ ನೂರಕ್ಕೆ 95 ನಿಲ್ದಾಣಗಳನ್ನು 2055ರೊಳಗೆ ಸರಿಪಡಿಸುತ್ತೇನೆ ಎಂದಿತು. ಆ ದಿನ ಅರವತ್ತು ತುಂಬಿದವರಿಗೆ ಆಗ ತೊಂಬತ್ತಮೂರು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ಸು, ರೈಲು, ನಿಲ್ದಾಣಗಳ ಸುಗಮ್ಯತೆಯನ್ನು ಕಡ್ಡಾಯ ಮಾಡಿದೆ. ಆದರೆ ಅದರ ಅಡಿಯ ನಿಯಮ ಬರೀ ಮಾರ್ಗಸೂಚಿಗಳ ಪಟ್ಟಿಯಂತಿತ್ತು. ರಾಜೀವ್ ರತೂರಿ ಎಂಬ ದೃಷ್ಟಿಹೀನ ಅರ್ಜಿದಾರರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಮಾಡಿದರೆ ಒಳ್ಳೆಯದು ಎನ್ನುವ ಆ ನಿಯಮ ಕಾಯ್ದೆಗೇ ವಿರುದ್ಧ, ಮಾಡಲೇಬೇಕಾದ್ದನ್ನು ಬೇರ್ಪಡಿಸಿ ಮೂರು ತಿಂಗಳಲ್ಲಿ ಬರೆಯಿರಿ ಎಂದಿತು. 'ಬೇಕು' ಮತ್ತು 'ಆದರೆ ಒಳ್ಳೆಯದು' ಇವೆರಡರ ನಡುವಿನ ವ್ಯತ್ಯಾಸ ತಿಳಿಸಲು 19 ವರ್ಷ ಹಿಡಿಯಿತು.

ಎಲ್ಲ ಬಸ್ಸನ್ನೂ ಬದಲಿಸುವ ಬದಲು ಇಂಥವರಿಗೆಂದೇ ಮನೆಗೆ ಬರುವ ವ್ಯಾನು ಓಡಿಸಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಕಾಯ್ದೆಯಲ್ಲಿ ಅದೂ ಇದೆ: ಬಸ್ ಮಾರ್ಗದ ಮುಕ್ಕಾಲು ಮೈಲಿಯೊಳಗೆ, ಸಾಮಾನ್ಯ ದರದ ಎರಡು ಪಟ್ಟು ಮೀರದಂತೆ. ಆದರೆ ಹಿಂದಿನ ದಿನವೇ ತಿಳಿಸಬೇಕು. ದಾರಿಯಲ್ಲಿ ಇನ್ನೂ ನಾಲ್ವರನ್ನು ಹತ್ತಿಸಿಕೊಂಡು ಸುತ್ತಿ ಬರುತ್ತದೆ. ಒಬ್ಬೊಬ್ಬರ ಪ್ರಯಾಣಕ್ಕೆ ಸಂಸ್ಥೆಗೆ ತಗಲುವ ಖರ್ಚು ಬಸ್ಸಿಗಿಂತ ಎಷ್ಟೋ ಪಟ್ಟು. ಹಾಸಿಗೆ ಬಿಟ್ಟು ಏಳುವುದೇ ಕಷ್ಟವಿರುವವರಿಗೆ ಅದು ಬೇಕೇ ಬೇಕು. ಉಳಿದವರಿಗೆ, ಇವತ್ತು ಮನಸ್ಸಾಯಿತು, ಗೆಳತಿಯ ಮನೆಗೆ ಹೋಗಿ ಬರೋಣ ಎನ್ನುವವರಿಗೆ, ಎಲ್ಲರ ಬಸ್ಸೇ ಆಗಬೇಕು.

ಹೊಸ ಮೆಟ್ಟಿಲೂ ಒಂದು ಏಳುತ್ತಿದೆ, ಅದು ಫೋನಿನದು. ಕೌಂಟರ್ ಮುಚ್ಚಿ ಆ್ಯಪ್ ತೋರಿಸುವುದು ಸಂಸ್ಥೆಗಳಿಗೆ ಉಳಿತಾಯ. ಟಚ್ ಸ್ಕ್ರೀನ್ ಯಂತ್ರದಲ್ಲಿ ಬೆರಳಿಗೆ ತಡವಿ ತಿಳಿಯುವ ಗುಂಡಿಯಿಲ್ಲ. ನಡುಗುವ ಕೈ ತಪ್ಪು ಚೌಕ ಒತ್ತುತ್ತದೆ, ಅಷ್ಟರಲ್ಲಿ ಸಮಯ ಮೀರಿ ಪರದೆ ಮೊದಲಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 2023ರಲ್ಲಿ ರೈಲು ನಿಲ್ದಾಣಗಳ ಟಿಕೆಟ್ ಕೌಂಟರುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಪ್ರಸ್ತಾಪ ಬಂದಾಗ ಸುಮಾರು ಏಳೂವರೆ ಲಕ್ಷ ಪ್ರತಿಕ್ರಿಯೆಗಳು ಬಂದು ಅಕ್ಟೋಬರ್ ಕೊನೆಯಲ್ಲಿ ಅದನ್ನು ಕೈಬಿಡಬೇಕಾಯಿತು. ಕೌಂಟರಿನಲ್ಲಿರುವ ಮನುಷ್ಯ ಟಿಕೆಟ್ ಮಾತ್ರ ಕೊಡುತ್ತಿರಲಿಲ್ಲ. ಯಾವ ಲಿಫ್ಟ್ ಕೆಟ್ಟಿದೆ ಎನ್ನುವುದೂ ಅವರಿಗೇ ಗೊತ್ತಿತ್ತು.

ಉಚಿತ ಪಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋಲ್ ನಗರದ ಮೆಟ್ರೊದಲ್ಲಿ 65 ದಾಟಿದವರಿಗೆ 1984ರಿಂದಲೂ ಟಿಕೆಟ್ ಇಲ್ಲ. ಇಂಗ್ಲೆಂಡಿನಲ್ಲಿ 2008ರಿಂದ ಹಿರಿಯರಿಗೆ ದೇಶದ ಯಾವ ಊರಿನ ಬಸ್ಸಾದರೂ ಉಚಿತ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ನಂತರ. ಒಂಬತ್ತು ಗಂಟೆಗೆ ಡಾಕ್ಟರನ್ನು ನೋಡಬೇಕಾದವರು ಏನು ಮಾಡಬೇಕು ಎಂಬುದು ಅಲ್ಲಿನ ಹಳೆಯ ಗೊಣಗಾಟ. ಒಳ್ಳೆಯ ಯೋಜನೆಗಳೇ. ಹತ್ತಲು ಬಾರದ ಬಸ್ಸಿಗೆ ಉಚಿತ ಪಾಸು ಕೊಡುವುದು ರಾಜಕಾರಣಕ್ಕೆ ಸುಲಭ, ಕಟ್ಟೆ ಎತ್ತರಿಸುವುದು ಕಷ್ಟ.

ಏನನ್ನು ಎಣಿಸಬೇಕು ಎಂಬ ಮೊದಲ ಪ್ರಶ್ನೆಗೆ ಮರಳಿದರೆ, ಉತ್ತರಗಳು ದುಬಾರಿಯಲ್ಲ. ಬಸ್ಸು ಕಟ್ಟೆಗೆ ತಾಗಿ ನಿಂತದ್ದು ನೂರರಲ್ಲಿ ಎಷ್ಟು ಸಲ? ವೀಲ್‌ಚೇರ್ ಕಂಡೂ ನಿಲ್ಲಿಸದೆ ಹೋದದ್ದು ಎಷ್ಟು ಸಲ? ಲಿಫ್ಟ್ ಕೆಟ್ಟ ಗಂಟೆಗಳೆಷ್ಟು, ಅದರ ಸುದ್ದಿ ಮನೆಯಿಂದ ಹೊರಡುವ ಮೊದಲೇ ಸಿಕ್ಕಿತೇ? ನಿಲ್ದಾಣದ ದಾರಿಯಲ್ಲಿ ಕೂರಲು ಜಾಗವಿದೆಯೇ? ನಡೆಯಲು ಕಷ್ಟವಿರುವವರಿಗೆ 50 ಮೀಟರಿಗೊಂದು ಆಸನ ಬೇಕೆನ್ನುವ ಸಲಹೆ ಬ್ರಿಟನ್ನಿನ ಮಾರ್ಗಸೂಚಿಯಲ್ಲಿದೆ, ಕೈ ಊರಿ ಏಳಲು ಆಸನಕ್ಕೆ ತೋಳು ಇದ್ದರೆ ಇನ್ನೂ ಒಳ್ಳೆಯದು. ಮತ್ತೆ ಶೌಚಾಲಯ. ವಿನ್ಯಾಸದ ಚರ್ಚೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ, ಅರ್ಧ ನಗುತ್ತಾ ಬರುವ ವಿಷಯ ಇದು. ಬಸ್ಸಿನಲ್ಲಿ ಹೋಗುವ ದಿನ ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುವ ಹಿರಿಯರು ಎಷ್ಟೋ ಮಂದಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಣಗಿದ ಗಂಟಲಿನಲ್ಲೇ ಅವರು ಹೋಗಿ ಬರುತ್ತಾರೆ. ಟಿಕೆಟ್ ಯಂತ್ರದಲ್ಲಿ ಅವರದ್ದು ಎಲ್ಲರಂತೆಯೇ ಒಂದು ಪ್ರಯಾಣ.